ಸೋಲಲೆಂದು ಕರೆಸಿಕೊಂಡ ಚಾಂಪಿಯನ್

ನನ್ನ ಮೌಶಿಯ ಮಗ ಬಾಕ್ಸರ್. ಮೌಶಿ ಎಂದರೆ ಅವ್ವನ ತಂಗಿ, ಹುಬ್ಬಳ್ಳಿಯಲ್ಲಿ ನಾವು ಹಾಗೇ ಕರೆಯುವುದು. ಮದುವೆಯಾದ ಹೊಸತರಲ್ಲೇ ಆಕೆ ಇಂಗ್ಲೆಂಡಿಗೆ ಹೋಗಿ ನರ್ಸಾದಳು. ಮಗ ಅಲ್ಲೇ ಹುಟ್ಟಿದ. ಶಾಲೆಯ ಹುಡುಗರು ಅವನನ್ನು ಅಟ್ಟಾಡಿಸಿ ಹೊಡೆಯುತ್ತಿದ್ದರೆಂದು ಅವನ ಅಪ್ಪ ಮೌಶಿಯನ್ನೂ ಕೇಳದೆ ಬೀದಿಯ ಕೊನೆಯಲ್ಲಿದ್ದ ಬಾಕ್ಸಿಂಗ್ ಕ್ಲಬ್ಬಿಗೆ ಸೇರಿಸಿಬಿಟ್ಟ.

ಹವ್ಯಾಸಿ ಬಾಕ್ಸಿಂಗಿನಲ್ಲಿ ಸುತ್ತುಗಳು ಕಡಿಮೆ. ಹೊಡೆದು ಬೀಳಿಸುವುದಕ್ಕಿಂತ ಮುಟ್ಟಿ ಸರಿಯುವುದೇ ಜಾಣತನ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ದೇಶದ ಹವ್ಯಾಸಿ ಪಟ್ಟ ಗೆದ್ದ. ಒಲಿಂಪಿಕ್ಸಿಗೆ ಹೋಗುವ ಕೊನೆಯ ಪಂದ್ಯದಲ್ಲಿ ಒಬ್ಬ ತೀರ್ಪುಗಾರನ ಅಂಕದಿಂದ ಸೋತ. ಆ ಸಿಟ್ಟಿನಲ್ಲೇ ವೃತ್ತಿಪರನಾದ. ಕೆಲವು ವರ್ಷಗಳ ನಂತರ ಬ್ರಿಟಿಷ್ ಚಾಂಪಿಯನ್ ಆದಾಗ ಮೌಶಿ ಫೋಟೋ ಕಳಿಸಿದ್ದಳು. ಅವನು ಬೆಲ್ಟನ್ನು ಎತ್ತಿ ಹಿಡಿದಿದ್ದಾನೆ, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ಮೌಶಿ. ಆಕೆ ಕ್ಯಾಮೆರಾ ನೋಡುತ್ತಿಲ್ಲ, ಬಾತುಕೊಂಡ ಅವನ ಎಡಗಣ್ಣನ್ನು ನೋಡುತ್ತಿದ್ದಾಳೆ.

ಆ ಪಟ್ಟ ಬಹಳ ದಿನ ಉಳಿಯಲಿಲ್ಲ. ಅವನಿಗಿಂತ ಚಿಕ್ಕವನೊಬ್ಬ ಕಿತ್ತುಕೊಂಡ. ಅದಾದ ಮೇಲೆಯೇ ಟೆಕ್ಸಸ್‌ನಿಂದ ಕರೆ ಬಂದದ್ದು. ಹ್ಯೂಸ್ಟನ್‌ನಲ್ಲಿ ಪಂದ್ಯ, ಡಲ್ಲಾಸ್‌ನಲ್ಲಿ ತರಬೇತಿ. ಡಲ್ಲಾಸ್ ಪಕ್ಕದ ಇರ್ವಿಂಗ್‌ನ ನಮ್ಮ ಮನೆಯಲ್ಲಿ ಉಳಿದುಕೊಂಡ.

ನನ್ನ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಇವನಾದರೋ ಮೌಶಿ ಊರು ಬಿಟ್ಟಾಗ ಹೇಗಿತ್ತೋ ಹಾಗೇ ಉಳಿದ ಹುಬ್ಬಳ್ಳಿ ಮಾತು ಆಡುತ್ತಿದ್ದ. ಕೇಳುತ್ತಿದ್ದರೆ ಅಜ್ಜಿ ಎದುರು ಕೂತಂತಾಗುತ್ತಿತ್ತು. ಆದರೆ ಅವನಿಗೆ ಊಟ ಹಾಕುವ ಹಾಗಿರಲಿಲ್ಲ. ಪಂದ್ಯಕ್ಕೆ ಮೊದಲು ತೂಕ ಇಳಿಸಲೇಬೇಕು. ಉರಿಬಿಸಿಲಿನಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ಓಡಿ ಬಂದು, ನಾನು ರೊಟ್ಟಿ ಬಡಿಯುವಾಗ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಅಕ್ಕಾ, ಒಂದ್ ಸಣ್ಣ ತುಣುಕು ಮುರದು ಕೊಡು. ತಿನ್ನಂಗಿಲ್ಲ. ಅಗದು ಉಗಳ್ತೀನಿ."

ಹಾಗೇ ಮಾಡಿದ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದು ಸಿಂಕಿನಲ್ಲಿ ಉಗುಳಿ, ನೀರು ಬಿಟ್ಟು ತೊಳೆದ. ನನ್ನ ಗಂಡ ಮೈಸೂರಿನವರು. ನೋಡಲಾಗದೆ, "ಹೊಟ್ಟೆಗೆ ಹಾಕ್ಕೊಳ್ದೆ ಹೆಂಗಪ್ಪಾ ಫೈಟ್ ಮಾಡ್ತೀಯಾ?" ಎಂದರು.

"ತೂಕ ಮಾಡಿದ್ ಮ್ಯಾಲೆ ತಿಂತೀನ್ರಿ," ಎಂದು ನಕ್ಕ. ಕೆನ್ನೆಗಳು ಒಳಸೇರಿ ಹಲ್ಲುಗಳಷ್ಟೇ ದೊಡ್ಡವಾಗಿ ಕಾಣುತ್ತಿದ್ದವು.

ಹ್ಯೂಸ್ಟನ್ನಿಗೆ ನಾನೂ ನನ್ನ ಗಂಡನೂ ಹೋದೆವು. ಪೋಸ್ಟರಿನಲ್ಲಿ ಅಲ್ಲಿಯ ಹುಡುಗನ ಮುಖ ದೊಡ್ಡದು, ಇವನದು ಚಿಕ್ಕದು, ಕೆಳಗೆ 'ಮಾಜಿ ಬ್ರಿಟಿಷ್ ಚಾಂಪಿಯನ್'. ಮೊದಲ ಸುತ್ತುಗಳಲ್ಲಿ ಅವನ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನಿಸಿತು. ಎದುರಾಳಿಯ ಮುಷ್ಟಿ ಬರೀ ಗಾಳಿಗೆ ಹೊಡೆಯುತ್ತಿತ್ತು. ಆಮೇಲೆ ಆ ಹುಡುಗ ಪಕ್ಕೆಗೆ ಹೊಡೆಯತೊಡಗಿದ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಟಿವಿಯಲ್ಲಿ ಅದು ಕೇಳುವುದಿಲ್ಲ. ಇವನ ಕಾಲುಗಳು ನಿಂತುಹೋದವು. ಕೊನೆಯ ಗಂಟೆ ಬಾರಿಸುವವರೆಗೂ ನಿಂತೇ ಇದ್ದ, ಅಂಕಗಳಲ್ಲಿ ಸೋತ.

ಇನ್ನು ಯಾರೂ ಕರೆಯುವುದಿಲ್ಲ, ಮನೆಗೆ ಹೋಗುತ್ತಾನೆ ಎಂದುಕೊಂಡೆ. ಆದರೆ ಸೋತ ಮೇಲೆಯೇ ಫೋನುಗಳು ಹೆಚ್ಚಾದವು. ನನಗೆ ಅರ್ಥವಾಗಲಿಲ್ಲ. ಅವನ ತರಬೇತುದಾರ, ಮೆಕ್ಸಿಕೋ ಮೂಲದ ವಯಸ್ಸಾದವರು, ಜಿಮ್ಮಿನ ಹೊರಗೆ ಕಾರಿಗೆ ಒರಗಿ ನಿಂತು ಬಿಡಿಸಿ ಹೇಳಿದರು: "ಬೆಳೆಯುವ ಪ್ರತಿ ಹುಡುಗನಿಗೂ ಒಬ್ಬ ಚಾಂಪಿಯನ್‌ನನ್ನು ಸೋಲಿಸಿದೆ ಅನ್ನಿಸಿಕೊಳ್ಳಬೇಕು. ನಿಮ್ಮ ತಮ್ಮನ ಹೆಸರು ದೊಡ್ಡದು, ಕಾಲು ನಿಧಾನ. ಅವರಿಗೆ ಬೇಕಾದದ್ದೇ ಅದು."

"ಅವನಿಗೆ ಹೇಳಿದಿರಾ?"

"ಅವನಿಗೆ ನಾನು ಹೇಳಬೇಕೆ?"

ಮುಂದಿನ ಪಂದ್ಯ ಡಲ್ಲಾಸ್‌ನಲ್ಲೇ. ಸುದ್ದಿ ಹೇಗೋ ಹಬ್ಬಿ, ದೇವಸ್ಥಾನದಲ್ಲಿ ಸಿಗುವ ನಾಲ್ಕಾರು ಕನ್ನಡದ ಮನೆಯವರು ಮಕ್ಕಳ ಸಮೇತ ಬಂದರು. ನಮ್ಮ ಹುಡುಗ, ನಮ್ಮ ಹುಡುಗ ಎಂದು ಪಂದ್ಯಕ್ಕೆ ಮೊದಲೇ ಅವನ ಜೊತೆ ಸೆಲ್ಫಿ ತೆಗೆದುಕೊಂಡರು. ಎರಡನೇ ಸುತ್ತಿನಲ್ಲಿ ಅವನು ಬಿದ್ದ. ಎದ್ದು ನಿಂತು ನಾನಿದ್ದ ಕಡೆ ತಿರುಗಿದ. ನಾನು ಕೈ ಎತ್ತಿದೆ. ಅವನ ಕಣ್ಣು ನನ್ನ ಮೇಲೇ ಇತ್ತು, ನಾನು ಅವನಿಗೆ ಕಾಣುತ್ತಿರಲಿಲ್ಲ. ರೆಫರಿ ಇಬ್ಬರ ನಡುವೆ ಬಂದು ಕೈ ಬೀಸಿ ಪಂದ್ಯ ನಿಲ್ಲಿಸಿದ. ಹಿಂದಿನ ಸಾಲಿನಲ್ಲಿ ಯಾರೋ, "ಅಯ್ಯೋ, ಇಷ್ಟೇನಾ?" ಎಂದರು. ಆ ಭಾನುವಾರ ದೇವಸ್ಥಾನದಲ್ಲಿ ಎಲ್ಲರೂ ನನ್ನನ್ನು ಮಾತಾಡಿಸಿದರು, ಪಂದ್ಯದ ವಿಷಯ ಒಬ್ಬರೂ ಎತ್ತಲಿಲ್ಲ.

ಅಲ್ಲಿಂದಾಚೆ ಅವನು ಬದಲಾಗುತ್ತ ಹೋದ. ಮೊಸರು ತರಲು ಹೋದವನು ಅಂಗಡಿಯ ಪಾರ್ಕಿಂಗಿನಲ್ಲೇ ಕಾರಿನಲ್ಲಿ ಕೂತುಬಿಟ್ಟಿದ್ದ. ಕೇಳಿದ್ದನ್ನೇ ಮತ್ತೆ ಕೇಳುವುದು, ಚಮಚ ಎನ್ನಲು ಹೋಗಿ ಚಾವಿ ಎನ್ನುವುದು. ಹೀಗಿರುವಾಗಲೇ ಆಸ್ಟಿನ್‌ನ ಪಂದ್ಯಕ್ಕೆ ಒಪ್ಪಿಕೊಂಡ. ಪರವಾನಗಿಗೆ ತಲೆಯ ಸ್ಕ್ಯಾನ್ ಬೇಕೆಂದರು. ನಾನು ರಜೆ ಹಾಕಿ ಆಸ್ಟಿನ್‌ಗೆ ಕರೆದುಕೊಂಡು ಹೋದೆ.

ವೈದ್ಯೆ ಚಿತ್ರವನ್ನು ನಮ್ಮ ಕಡೆ ತಿರುಗಿಸಿ, ಮಿದುಳಿನಲ್ಲಿ ಹಳೆಯ ರಕ್ತಸ್ರಾವದ ಗುರುತುಗಳನ್ನು ತೋರಿಸಿದಳು. ಒಂದಲ್ಲ, ಹಲವು. ಇನ್ನು ಯಾವತ್ತೂ ಆಡಕೂಡದು ಎಂದಳು. ಅವನು ಆಕೆಗೆ ತಿಳಿಯದಿರಲೆಂದು ನನ್ನ ಕಡೆ ಬಾಗಿ ಕನ್ನಡದಲ್ಲಿ ಹೇಳಿದ:

"ಅಕ್ಕಾ, ಬ್ಯಾರೆ ಡಾಕ್ಟರ್ ಯಾರರ ಸಿಗ್ತಾರೇನು ನೋಡು."

"ಇಲ್ಲಪ್ಪಾ."

"ಕೇಳಿ ನೋಡು. ನನ್ನ ಸಲುವಾಗಿ ಒಂದ್ ಸಲ ಕೇಳು."

ನಾನು ಅವನ ಕೈ ಹಿಡಿದುಕೊಂಡೆ. ವೈದ್ಯೆ ಮುಖ ತಗ್ಗಿಸಿದಳು. ಭಾಷೆ ಬಾರದಿದ್ದರೂ ಅವನು ಕೇಳಿದ್ದೇನೆಂದು ಆಕೆಗೆ ತಿಳಿದಿತ್ತು.

ಡಲ್ಲಾಸ್‌ಗೆ ಮರಳುವ ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿದ. ಪೆಟ್ರೋಲ್ ಬಂಕಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಬಿಸಿಲಿನಲ್ಲೇ ಕೂತ. ನಾನೂ ಕೂತೆ. ಲಾರಿಗಳು ಹಾಯುತ್ತಿದ್ದವು. ಅವುಗಳನ್ನೇ ನೋಡುತ್ತ ಹೇಳಿದ:

"ನಾ ಸೋಲಲಿ ಅಂತನ ಅವರು ನನ್ನ ಕರಸ್ತಾರ. ನನಗ ಗೊತ್ತಿಲ್ಲೇನು? ಆದರ ಒಂದ್ ಸಲನರ ಅವರ ಲೆಕ್ಕಾ ತಪ್ಪಸಬೇಕಾಗಿತ್ತು, ಅಕ್ಕಾ."

ಮುಖಕ್ಕೆ ಕೈ ಅಡ್ಡ ಹಿಡಿದು ಅತ್ತ. ಸಮಾಧಾನಕ್ಕೆಂದು ಸುಳ್ಳು ಹೇಳಿದರೆ ಅವನಿಗೆ ಗೊತ್ತಾಗುತ್ತಿತ್ತು.

ಮೌಶಿಗೆ ನಾನೇ ಫೋನ್ ಮಾಡಿದೆ. "ವರದಿಯೊಳಗ ಏನ್ ಬರದಾರ, ಹಂಗ ಓದು," ಎಂದಳು. ಓದಿದೆ. "ಅವನ್ನ ಕಳಿಸಿಬಿಡವಾ," ಎಂದಳು.

ಅವನು ಇಂಗ್ಲೆಂಡಿಗೆ ಹೋಗಿ ವರ್ಷದ ಮೇಲಾಯಿತು. ಮುಂಜಾನೆ ಈಗಲೂ ಓಡಲು ಹೋಗುತ್ತಾನಂತೆ, ಆದರೆ ಒಬ್ಬನನ್ನೇ ಕಳಿಸುವಂತಿಲ್ಲ. ಮೊನ್ನೆ ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದನಂತೆ, ಯಾರೋ ಕೈ ಹಿಡಿದು ಮನೆ ಮುಟ್ಟಿಸಿದರು. ಅಂದಿನಿಂದ ಮೌಶಿ ಕೋಟು ಹಾಕಿಕೊಂಡು ಅವನ ಹಿಂದೆ ನಡೆಯುತ್ತಾಳೆ. ಆಕೆಗೆ ಮೊಣಕಾಲು ನೋವು. ಅವನು ದೂರ ಹೋಗಿಬಿಟ್ಟರೆ ಕೂಗುತ್ತಾಳೆ. ಕೆಲವು ದಿನ ನಿಲ್ಲುತ್ತಾನೆ, ಕೆಲವು ದಿನ ನಿಲ್ಲುವುದಿಲ್ಲ.