ಬಾಣಂತಿಯ ಪಾಲು

ಐವತ್ತೆರಡನೇ ಇಸವಿಯ ಸುಮಾರಿನಲ್ಲೂ ಚಾಮರಾಜಪೇಟೆಯ ವೃಷಭೇಂದ್ರಪ್ಪನವರ ವಠಾರದಲ್ಲಿ ಮನೆ ಸಿಗುವುದು ಸುಲಭವಿರಲಿಲ್ಲ. ಮಾರುಕಟ್ಟೆ, ಹೆರಿಗೆ ಆಸ್ಪತ್ರೆ, ಬಸ್ಸು ಎಲ್ಲವೂ ಹತ್ತಿರ. ದೇವನಹಳ್ಳಿ ಕಡೆಯಿಂದ ಬಂದ ಲಕ್ಕಮ್ಮನ ಗಂಡ ರಾಮಾಂಜಿನಪ್ಪ ಮಿಲ್ಲಿನ ಕೆಲಸಕ್ಕೆ ಇಲ್ಲಿಂದ ನಡೆದೇ ಹೋಗುತ್ತಿದ್ದ. ಮನೆ ಕೊಡುವಾಗ ಮಾಲೀಕರ ಹೆಂಡತಿ ಕಲ್ಯಾಣಮ್ಮ ಎಲೆ ಅಡಿಕೆ ಕೈಗಿಟ್ಟು ಮಾತು ತೆಗೆದುಕೊಂಡಿದ್ದರು: ಈ ವಠಾರದ ಒಲೆಯ ಮೇಲೆ ಮಾಂಸ ಬೇಯಬಾರದು. ಹಿಂದೆ ಮಾತು ತಪ್ಪಿದ ಒಂದು ಸಂಸಾರದ ಪಾತ್ರೆಪಗಡಗಳನ್ನು ವೃಷಭೇಂದ್ರಪ್ಪನವರು ಅದೇ ದಿನ ಬೀದಿಗೆ ಇಡಿಸಿದ್ದರಂತೆ.

ಲಕ್ಕಮ್ಮ ಮಾತು ಉಳಿಸಿಕೊಂಡಿದ್ದಳು. ಯುಗಾದಿಯ ಮರುದಿನದ ಬಾಡೂಟಕ್ಕೂ ಗಂಡನನ್ನು ಗುಟ್ಟಹಳ್ಳಿಯ ಅಕ್ಕ ಪಿಳ್ಳಮ್ಮನ ಮನೆಗೆ ಕಳಿಸುತ್ತಿದ್ದಳು.

ಮಗಳು ಅಕ್ಕಯಮ್ಮ ಹೆರಿಗೆಗೆ ಬಂದಾಗ ಕಷ್ಟ ಶುರುವಾಯಿತು. ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು. ಎದ್ದು ಕೂತರೆ ಕಣ್ಣು ಕತ್ತಲೆ, ಎದೆಯಲ್ಲಿ ಹಾಲಿಲ್ಲ. ಬೆಳ್ಳುಳ್ಳಿ, ಸಬ್ಬಸಿಗೆ ಯಾವುದೂ ಕೆಲಸ ಮಾಡಲಿಲ್ಲ. ಪಿಳ್ಳಮ್ಮ ಬಂದು ನೋಡಿದಳು.

"ನಾಟಿ ಕೋಳಿ ಸಾರು ಕುಡಿಸ್ದೆ ಇದ್ರೆ ಇವ್ಳು ಏಳಾಕಿಲ್ಲ ಕಣೆ. ನಾನ್ ಮಾಡಿಕ್ತೀನಿ, ನೀನ್ ಬಂದು ತಗೊಂಡೋಗು."

ಒಲೆ ಗುಟ್ಟಹಳ್ಳಿಯದು, ಮಾತು ತಪ್ಪಿದಂತಾಗಲಿಲ್ಲ ಎಂದು ಲಕ್ಕಮ್ಮ ತನಗೆ ತಾನೇ ಹೇಳಿಕೊಂಡಳು. ಆದರೆ ವಠಾರಕ್ಕೆ ಇದ್ದದ್ದು ಒಂದೇ ಬಾಗಿಲು. ಒಳಗೆ ಕಾಲಿಟ್ಟರೆ ಎಡಕ್ಕೆ ಕಲ್ಯಾಣಮ್ಮನವರ ಜಗಲಿ, ಬಲಕ್ಕೆ ಎಲ್ಲರ ನಲ್ಲಿ. ಮೊದಲ ದಿನವೇ ಕಲ್ಯಾಣಮ್ಮ ಕೇಳಿಬಿಟ್ಟರು.

"ಏನ್ ಲಕ್ಕಮ್ಮ, ಕ್ಯಾರಿಯರ್ ಘಮ್ ಅಂತಿದೆ?"

"ಹುರುಳಿಕಟ್ಟಿನ ಸಾರು ಕಣಮ್ಮ. ನಮ್ಮಕ್ಕ ಮಾಡಿದ್ದು."

ಬಾಯಿಗೆ ಬಂದದ್ದು ಅದು. ಸಾರಿನ ಬಟ್ಟಲು ಮನೆಯಿಂದ ಮನೆಗೆ ಓಡಾಡುವ ವಠಾರದಲ್ಲಿ ಎಲ್ಲರಿಗೂ ಇಷ್ಟವಾದ ಸಾರಿನ ಹೆಸರು ಹೇಳಬಾರದಿತ್ತು.

ಮಾರನೆಯ ಮಧ್ಯಾಹ್ನ ಕಲ್ಯಾಣಮ್ಮ ಬಟ್ಟಲು ಹಿಡಿದು ಜಗಲಿಯ ಮೇಲೆ ಕಾದಿದ್ದರು.

"ಹುರುಳಿಕಟ್ಟು ಅಂದ್ರೆ ನಮ್ಮ ಯಜಮಾನ್ರಿಗೆ ಪ್ರಾಣ. ನಿನ್ನೆಯಿಂದ ಅದೇ ಮಾತು. ಒಂದ್ ಬಟ್ಟಲು ಹಾಕಿ."

ಒಳಗೆ ಊಟಕ್ಕೆ ಕೂತಿದ್ದ ವೃಷಭೇಂದ್ರಪ್ಪನವರ ಕೆಮ್ಮು ಕೇಳಿಸಿತು. ಲಕ್ಕಮ್ಮ ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ತಣ್ಣಗಾಗೈತಮ್ಮ."

"ಬಿಸಿ ಮಾಡ್ಕೊಳ್ತೀನಿ ಬಿಡಿ."

"ಖಾರ ಜಾಸ್ತಿ."

ನಲ್ಲಿಯ ಬಳಿ ಬಿಂದಿಗೆ ಹಿಡಿದಿದ್ದ ಪಕ್ಕದ ಮನೆಯ ಶೈಲಜಮ್ಮ ನಕ್ಕರು. "ಬಾಣಂತಿಗೆ ಖಾರ ಜಾಸ್ತಿನಾ? ಕೊಡೋ ಮನಸ್ಸಿಲ್ಲ ಅನ್ನಿ! ಹೋದ ವಾರ ನನ್ನ ಬಟ್ಟಲು ಖಾಲಿ ವಾಪಸ್ ಬಂದಾಗ್ಲೇ ಗೊತ್ತಾಯ್ತು."

ಮೇಲಿನ ಡಬ್ಬಿಯಲ್ಲಿ ಬರೀ ತಿಳಿ ಇತ್ತು, ತುಂಡುಗಳೆಲ್ಲ ಕೆಳಗಿನದರಲ್ಲಿ. ಸುರಿದುಬಿಟ್ಟರೆ ನೋಡುವವರ ಕಣ್ಣಿಗೆ ಹುರುಳಿಕಟ್ಟೇ. ಅಷ್ಟರಲ್ಲಿ ಕಲ್ಯಾಣಮ್ಮ ತಾವೇ ಕ್ಯಾರಿಯರಿಗೆ ಕೈ ಹಾಕಿದರು. ದಿನವೂ ಬೆಳಗ್ಗೆ ಲಿಂಗ ಇಟ್ಟು ಪೂಜೆ ಮಾಡುವ ಅಂಗೈ ಅದು. ಲಕ್ಕಮ್ಮ ಆ ಕೈಯನ್ನು ಹಿಡಿದುಕೊಂಡುಬಿಟ್ಟಳು.

"ಬ್ಯಾಡಿ ಅಮ್ಮ," ಎಂದಳು ಮೆಲ್ಲಗೆ. "ಇದು ನಿಮ್ಮನೆ ಬಟ್ಟಲಿಗೆ ಬರೋದಲ್ಲ."

ಕಲ್ಯಾಣಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು.

"ಇಲ್ಲೇ ಬೇಯಿಸಿದ್ದಾ?"

"ಇಲ್ಲಮ್ಮ. ಎಲೆ ಅಡಿಕೆ ಹಿಡಿದು ಹೇಳಿದ್ದೆ, ಹಂಗ್ ಮಾಡಾಕಿಲ್ಲ. ಮಗೀಗೆ ಹಾಲಿಲ್ಲ."

"ಏನೇ, ತಂದ್ಯಾ?" ಒಳಗಿನಿಂದ ವೃಷಭೇಂದ್ರಪ್ಪನವರು ಕೂಗಿದರು.

ಲಕ್ಕಮ್ಮನ ಮನೆಯಿಂದ ಕೂಸಿನ ಅಳು ಬಂತು. ಅತ್ತು ಅತ್ತು ದನಿ ಉಡುಗಿದ ಅಳು. ಕಲ್ಯಾಣಮ್ಮ ಬಟ್ಟಲನ್ನು ಬೋರಲು ಹಿಡಿದು ನಲ್ಲಿಯವರೆಗೂ ಕೇಳುವಂತೆ ಹೇಳಿದರು:

"ಅದು ಬಾಣಂತಿ ಪಾಲು ಕಣ್ರೀ, ಕೇಳಿದ್ದು ನನ್ನದೇ ತಪ್ಪು. ಮೊಸರು ಹಾಕ್ಕೊಳ್ಳಿ."

ಮನೆ ಉಳಿಯಿತು. ಅಕ್ಕಯಮ್ಮ ಚೇತರಿಸಿಕೊಂಡು ಕೂಸಿನೊಡನೆ ಗಂಡನ ಮನೆಗೆ ಹೋದಳು. ಅಲ್ಲಿಯವರೆಗೂ ಕ್ಯಾರಿಯರ್ ಬರುವ ಹೊತ್ತಿಗೆ ಜಗಲಿ ಖಾಲಿ ಇರುತ್ತಿತ್ತು.

ಕಲ್ಯಾಣಮ್ಮ ಮಾತು ಬಿಡಲಿಲ್ಲ, ಹಬ್ಬಕ್ಕೆ ಕರೆದು ಅರಿಸಿನ ಕುಂಕುಮ ಕೊಡುವುದನ್ನೂ ಬಿಡಲಿಲ್ಲ. ಮುಂದಿನ ಯುಗಾದಿಗೆ ಲಕ್ಕಮ್ಮ ಒಬ್ಬಟ್ಟು ಮಾಡಿ, ಮೇಲೆ ತುಪ್ಪ ಹಾಕಿ, ಜಗಲಿಯವರೆಗೆ ತಂದಳು.

"ಹೊಟ್ಟೆ ತುಂಬಿದೆ ಲಕ್ಕಮ್ಮ," ಎಂದರು ಕಲ್ಯಾಣಮ್ಮ, ಬಾಗಿಲಲ್ಲೇ ನಿಂತು.

ಮರುವರ್ಷವೂ ಲಕ್ಕಮ್ಮ ಒಬ್ಬಟ್ಟು ತೆಗೆದುಕೊಂಡು ಹೋದಳು.