ಯಮುನಾಬಾಯಿಯವರ ಹಳ್ಳದ ಹಾಳೆ

ಯಮುನಾಬಾಯಿಯವರ ಸೆರಗಿನ ಅಂಚಿಗೆ ಸದಾ ಒಂದು ಗುಂಡುಸೂಜಿ ಚುಚ್ಚಿರುತ್ತಿತ್ತು. ಹೊಸಪೇಟೆಯ ನಮ್ಮ ಯೋಜನಾ ಕಚೇರಿಯಲ್ಲಿ ಅವರು ಟ್ರೇಸರ್. ನಕ್ಷೆಯ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ಗೆರೆಗಳನ್ನು ಮಸಿಯಲ್ಲಿ ಎತ್ತಿಕೊಳ್ಳುವುದು ಅವರ ಕೆಲಸ. ಕಾಲುವೆಗಳಿಗೊಂದು ಹಾಳೆ, ಮಣ್ಣಿಗೊಂದು, ರಸ್ತೆಗೊಂದು, ಹಳ್ಳಗಳಿಗೊಂದು. ಒಳಗೆ ಟ್ಯೂಬ್‌ಲೈಟ್ ಉರಿಯುವ ಗಾಜಿನ ಮೇಜಿನ ಮೇಲೆ ಅವನ್ನೆಲ್ಲ ಒಂದರ ಮೇಲೊಂದು ಇಟ್ಟು ಮೂರು ಕಡೆ ಸೂಜಿ ಚುಚ್ಚುತ್ತಿದ್ದರು: ಹಂಪಿಯ ಮಾತಂಗ ಪರ್ವತದ ನೆತ್ತಿ, ಆಣೆಕಟ್ಟಿನ ತುದಿ, ಕಂಪ್ಲಿಯ ಸೇತುವೆ. ಎಲ್ಲ ಹಾಳೆಗಳಲ್ಲೂ ತೂತು ಗುರುತಿನ ಮೇಲೇ ಬಿದ್ದರೆ ನಕ್ಷೆ ಸರಿ. ಕೂದಲೆಳೆಯಷ್ಟು ತಪ್ಪಿದರೂ ಬ್ಲೇಡಿನಿಂದ ಮಸಿ ಕೆರೆದು ಮತ್ತೆ ಬರೆಯುತ್ತಿದ್ದರು.

ನಾನು ಸಂಡೂರಿನವನು. ಕಂಪ್ಯೂಟರ್ ನಕ್ಷೆಯ ತರಬೇತಿ ಮುಗಿಸಿ, ತೊಂಬತ್ತರ ಆಚೀಚೆ ಆ ಕಚೇರಿಗೆ ಅಧಿಕಾರಿಯಾಗಿ ಬಂದೆ. ನನ್ನ ಕಾಲು ಆಗ ನೆಲದ ಮೇಲೆ ಇರಲಿಲ್ಲ. ಕೆರೆ, ರಸ್ತೆ, ಮಣ್ಣು ಒಂದರ ಮೇಲೊಂದು ಕೂಡುವುದನ್ನು ಪರದೆಯ ಮೇಲೆ ತೋರಿಸಿದಾಗ ಯಮುನಾಬಾಯಿ ದಪ್ಪ ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ನಾ ಮಾಡೋದನ್ನೇ ಮಾಡ್ತದ ಬಿಡ್ರಿ. ಭಾಳ ಜಲ್ದಿ ಮಾಡ್ತದ” ಎಂದರು. ಅಸೂಯೆಯ ಸುಳಿವೂ ಆ ದನಿಯಲ್ಲಿರಲಿಲ್ಲ. ಅದರಿಂದಲೇ ನನಗೆ ಸ್ವಲ್ಪ ಬೇಜಾರಾಯಿತು.

ಆ ವರ್ಷ ಕಂಪ್ಲಿ ಕಡೆಯ ಒಂದು ಹಳ್ಳಿಯ ಕೆಲಸ ಬಂತು. ಕಾಲುವೆ ಬಂದ ಮೇಲೆ ಕೂಲಿಗೆಂದು ಬಂದು ನೆಲೆಸಿದವರ ಕೇರಿ ಅದು. ಸುತ್ತ ಭತ್ತದ ಗದ್ದೆ ಎದ್ದು, ಜೌಗು ಹಿಡಿದು, ಮನೆಯ ಗೋಡೆಗಳು ಬುಡದಿಂದ ಕರಗುತ್ತಿದ್ದವು. ಅವರಿಗೆ ಹೊಸ ಜಾಗ ಹುಡುಕಬೇಕಿತ್ತು. ಸರ್ಕಾರಿ ನೆಲವಿರಬೇಕು, ರಸ್ತೆ ಹತ್ತಿರವಿರಬೇಕು, ಬೆಳೆ ಇರಬಾರದು, ನೀರು ನಿಂತಿರಬಾರದು ಎಂದು ಕಂಪ್ಯೂಟರಿಗೆ ಹೇಳಿದೆ. ಮೂರು ದಿನದಲ್ಲಿ ಅದು ಒಂದೇ ಒಂದು ಜಾಗ ತೋರಿಸಿತು. ಹಳ್ಳಗಳ ಹಾಳೆಯನ್ನು ಮಾತ್ರ ನಾನು ಕಂಪ್ಯೂಟರಿಗೆ ಏರಿಸಿರಲಿಲ್ಲ. ಕಾಲುವೆಗೂ ಹಿಂದಿನ ಸರ್ವೆಯಿಂದ ತೆಗೆದ ಹಾಳೆ ಅದು, ಮುಟ್ಟಿದರೆ ಮುರಿಯುವಂತಿತ್ತು. ಸತ್ತ ಹಳ್ಳಗಳಿಗೆ ಒಂದು ವಾರ ಯಾಕೆ ಕೊಡಬೇಕು ಎಂದುಕೊಂಡಿದ್ದೆ.

ನಾನು ಮುದ್ರಿಸಿದ ನಕ್ಷೆಯನ್ನು ಯಮುನಾಬಾಯಿ ಬಹಳ ಹೊತ್ತು ನೋಡಿದರು.

“ಸಾಹೇಬ್ರ, ಗೇಣು ನೆಲಾನೂ ಬಿಡದ ಸೀಮಿ ಅದು. ಬದುವಿನ ಮ್ಯಾಲೂ ತೊಗರಿ ಹಾಕ್ತಾರ. ಇಷ್ಟು ಜಾಗ ಯಾಕ ಖಾಲಿ ಬಿಟ್ಟಾರ, ಕೇಳೀರೇನು?”

“ಸರ್ಕಾರಿ ಜಾಗ ಐತಲ್ರಿ, ಅದಕ್ಕ.”

“ಸರ್ಕಾರಿದು ಅಂತ ಬಿಡೋ ಮಂದಿ ಎಲ್ಲಿದ್ದಾರ, ನನಗೂ ತೋರಸ್ರಿ” ಎಂದು ನಕ್ಕರು. ನಾನು ನಗಲಿಲ್ಲ.

ಇಪ್ಪತ್ತೈದು ವರ್ಷ ಊರೂರುಗಳನ್ನು ಬರೆದ ಆಕೆ, ಬರೆದ ಊರುಗಳನ್ನು ನೋಡಿದ್ದು ಕಡಿಮೆ. ಆ ಭಾನುವಾರ ಒಬ್ಬರೇ ಕಂಪ್ಲಿ ಬಸ್ಸು ಹತ್ತಿ ಹೋಗಿ ಬಂದರು. ಸೋಮವಾರ ಊಟದ ಡಬ್ಬಿ ತೆರೆದು ಗಾಜಿನ ಮೇಜಿನ ಮೇಲೆ ಸುರಿದರು: ಮರಳು, ಅದರೊಳಗೆ ಗುಂಡನೆಯ ನುಣುಪು ಕಲ್ಲುಗಳು.

“ಒಂದ್ ಮೊಳ ಕೆದರಿದ್ರ ಬರೇ ಇದೇ ಸಿಗ್ತದ. ಇಷ್ಟು ನುಣ್ಣಗ ಇವನ್ನ ಯಾರು ತಿಕ್ಕ್ಯಾರ, ಹೇಳ್ರಿ?”

“ಹಳ್ಳ ಇದ್ದಿರಬಹುದ್ರಿ ಬಾಯಿಯವರ. ಕಾಲುವಿ ಏರಿ ಅಡ್ಡ ಬಂದ ಮ್ಯಾಲೆ ಅದು ಸತ್ತೈತಿ. ಆ ಮಂದಿ ಯಾರೂ ಅದು ಹರಿದದ್ದು ನೋಡಿಲ್ಲ.”

“ನೀರು ತನ್ನ ದಾರಿ ಮರಿಯಂಗಿಲ್ರಿ. ನಾಲ್ವತ್ತು ಮನಿ ಅವ ಆ ಕೇರಿಯೊಳಗ, ತೊಟ್ಟಿಲೊಳಗಿನ ಕೂಸುಗಳವ.”

ನಾನು ಒಪ್ಪಲಿಲ್ಲ. ಅಂತಿಮ ಹಾಳೆಯ ಮೂಲೆಯಲ್ಲಿ ಸಹಿ ಹಾಕಲು ಅವರೂ ಒಪ್ಪಲಿಲ್ಲ. ಅಷ್ಟಕ್ಕೇ ಬಿಡದೆ, ನನ್ನನ್ನು ದಾಟಿ, ಹಳ್ಳದ ಹಾಳೆಯನ್ನೂ ಆ ಡಬ್ಬಿಯನ್ನೂ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದರು. ಜಾಗ ಬದಲಾಯಿತು. ಕೇರಿಯ ಜನ ಕಲ್ಲು ಒಡೆದು, ರಸ್ತೆಯಿಂದ ದೂರದ ದಿಬ್ಬದ ಮೇಲೆ ಮನೆ ಕಟ್ಟಿಕೊಳ್ಳಬೇಕಾಯಿತು. ಅವರು ನಮ್ಮನ್ನೆಲ್ಲ ಬಾಯಿತುಂಬ ಬೈದರು. ಆ ಬೈಗುಳ ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಯಮುನಾಬಾಯಿಯವರೊಂದಿಗೆ ಮಾತು ಬಿಟ್ಟೆ. ಅವರು ನಿವೃತ್ತರಾದ ದಿನ ಯಶವಂತನಗರದಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿ ಕಚೇರಿಗೆ ಹೋಗಲಿಲ್ಲ.

ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೆಯದರಲ್ಲಿ ಎರಡು ದಿನ ಬಿಡದೆ ಸುರಿದು, ಕಾಲುವೆಯ ಏರಿ ಒಂದು ಕಡೆ ಒಡೆಯಿತು. ಸುದ್ದಿ ಕೇಳಿ ಜೀಪಿನಲ್ಲಿ ಹೋದೆ. ನಾನು ಆರಿಸಿದ ಜಾಗದಲ್ಲಿ ಎದೆಮಟ್ಟದ ಕೆಂಪು ನೀರು ಓಡುತ್ತಿತ್ತು. ಮೇಲೆ ದಿಬ್ಬದಲ್ಲಿ ಮನೆಗಳ ಒಲೆಯ ಹೊಗೆ ಏಳುತ್ತಿತ್ತು. ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಂಗಳದಿಂದ ನೀರು ನೋಡುತ್ತಿದ್ದಳು. ಜೀಪಿನ ಬಾಗಿಲು ಹಿಡಿದುಕೊಂಡು ನಿಂತೆ.

ಆಮೇಲೆ ಆ ಮುರುಕು ಹಾಳೆಯ ಹಳ್ಳಗಳನ್ನೆಲ್ಲ ಕಂಪ್ಯೂಟರಿಗೆ ನಾನೇ ಏರಿಸಿದೆ. ಹೊಸ ನಕ್ಷೆ ಮುದ್ರಿಸಿಕೊಂಡು ಯಮುನಾಬಾಯಿಯವರ ಮನೆಗೆ ಹೋದೆ. ಅವರ ಕಣ್ಣು ಪೂರ್ತಿ ಹೋಗಿತ್ತು. ದನಿಯಿಂದಲೇ ಗುರುತು ಹಿಡಿದು, “ಬರ್ರಿ ಸಾಹೇಬ್ರ, ಕುಂದ್ರಿ” ಎಂದರು. ನಡೆದದ್ದನ್ನು ಹೇಳಿದೆ. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರೂ ನಕ್ಷೆಯನ್ನಷ್ಟೇ ಅವರ ಮುಂದೆ ಹರಡಿದೆ. ಅವರು ನಕ್ಷೆಯ ಮೇಲೆ ಬೆರಳಾಡಿಸಿದರು. ನುಣ್ಣನೆಯ ಕಾಗದದಲ್ಲಿ ಏನೂ ತಿಳಿಯಲಿಲ್ಲ. ಸೆರಗು ತಡವಿ ಸೂಜಿ ಕಿತ್ತು ನನ್ನ ಕೈಗೆ ಕೊಟ್ಟರು.

“ಹಳ್ಳದ ಗುಂಟ ಚುಚ್ಚಿಕೋತ ಹೋಗ್ರಿ.”

ಚುಚ್ಚಿದೆ. ಅವರು ಹಾಳೆ ಮಗುಚಿ, ಹಿಂದೆ ಎದ್ದ ತೂತುಗಳನ್ನು ಬೆರಳಿಂದ ಹಿಡಿದುಕೊಂಡು ಹಳ್ಳದ ಉದ್ದಕ್ಕೂ ಹೋದರು.

“ಮನಿಗೋಳು?”

ಅವನ್ನೂ ಚುಚ್ಚಿದೆ. ಹಳ್ಳಕ್ಕೂ ಮನೆಗಳಿಗೂ ನಡುವಿನ ಅಂತರವನ್ನು ಎರಡು ಬೆರಳಲ್ಲಿ ಅಳೆದು, “ಇಷ್ಟು ದೂರ ಸಾಕು” ಎಂದರು.

ಮರುವರ್ಷ ಅವರು ತೀರಿಕೊಂಡರು. ಅಂದು ಅವರ ಬಳಿಯೇ ಬಿಟ್ಟುಬಂದಿದ್ದ ನಕ್ಷೆಯನ್ನು ಅವರ ಸೊಸೆ ನನಗೆ ತಂದುಕೊಟ್ಟರು. ಹಳ್ಳದ ಗುಂಟ ಹಾಳೆಯ ಬೆನ್ನು ಬೆರಳಾಡಿ ಕಪ್ಪಾಗಿತ್ತು. ಮನೆಗಳಿದ್ದ ಕಡೆ ಮುಟ್ಟಿ ಮುಟ್ಟಿ ಕಾಗದವೇ ಸವೆದುಹೋಗಿತ್ತು.