ಗೇಟಿನ ಮುಂದಿನ ಮುಂಗುಸಿ

ನಮ್ಮ ಮಾವನವರಿಗೆ ಮುಖ್ಯ ಕೆಲಸಕ್ಕೆ ಹೊರಡುವಾಗ ಮುಂಗುಸಿಯ ದರ್ಶನ ಆಗಲೇಬೇಕು. ಹೊಲ ಇದ್ದ ಕಾಲದಲ್ಲಿ ಅದು ತಾನಾಗಿ ಎದುರಾಗುತ್ತಿತ್ತಂತೆ. ತೊಂಬತ್ತರ ದಶಕದ ಹೊತ್ತಿಗೆ ಜೆ.ಪಿ. ನಗರದ ಆ ಹೊಲವೆಲ್ಲ ಬಾಡಿಗೆ ಮನೆಗಳಾಗಿತ್ತು. ಪಕ್ಕದಲ್ಲಿ ಒಂದು ಖಾಲಿ ಸೈಟು, ಅದರ ಕಲ್ಲುರಾಶಿಯಲ್ಲಿ ಒಂದು ಮುಂಗುಸಿ ಉಳಿದಿತ್ತು. ಮಾವನವರು ಉಪಾಯ ಹೂಡಿದರು. ಕೋರ್ಟಿಗೋ ರಿಜಿಸ್ಟ್ರಾರ್ ಕಚೇರಿಗೋ ಹೋಗುವ ದಿನ ಗೇಟಿನೆದುರು ಒಂದು ಮೊಟ್ಟೆ ಇಡಬೇಕು. ಇಡುವವಳು ಸೊಸೆ, ಅಂದರೆ ನಾನು.

ಕೆಲಸವಿಲ್ಲದ ದಿನ ಮೊಟ್ಟೆಯೂ ಇಲ್ಲ. ಒಮ್ಮೆ ಸತತ ಮೂರು ದಿನ ಮೊಟ್ಟೆ, ಆಮೇಲೆ ಹದಿನೈದು ದಿನ ಏನೂ ಇಲ್ಲ. ಇದು ಆ ಮೂಕಪ್ರಾಣಿಗೆ ಹೇಗೆ ತಿಳಿಯಬೇಕು? ಮೊದಮೊದಲು ಮೊಟ್ಟೆ ತಿಂದು ಪೊದೆಗೆ ಓಡಿ, ಇಲಿ ಹಲ್ಲಿ ಹುಡುಕಿಕೊಳ್ಳುತ್ತಿತ್ತು. ಕೊಟ್ಟು ಕೊಟ್ಟು ತಪ್ಪಿಸಿದ ಮೇಲೆ ಬೇಟೆ ಬಿಟ್ಟು ಗೇಟಿಗೇ ಬಂದು ಕೂತಿತು. ಹಸಿವು ಹೆಚ್ಚಿದಷ್ಟೂ ಇನ್ನೂ ಹತ್ತಿರ ಬಂತು. ಸ್ಕೂಟರ್ ಬಂದರೂ ಜಗ್ಗುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅದಕ್ಕೆ ಎರಡು ಮರಿಗಳಿದ್ದವು. ಕಲ್ಲುಗಳ ಸಂದಿಯಿಂದ ತಾಯಿಯನ್ನೇ ನೋಡುತ್ತಿದ್ದವು.

"ದಿನಾ ಇಡೋಣ ಮಾವ, ಇಲ್ಲಾಂದ್ರೆ ಪೂರ್ತಿ ನಿಲ್ಲಿಸ್ಬಿಡೋಣ. ಬೀದಿನಾಯಿ ಬಾಯಿಗೆ ಬೀಳುತ್ತೆ ಅದು," ಅಂದೆ.

"ದಿನಾ ಹಾಕಿದ್ರೆ ಹೊಟ್ಟೆ ತುಂಬಿ, ನಂಗೆ ಬೇಕಾದ್ ದಿನಾನೇ ಬರಲ್ಲ ಕಣಮ್ಮ," ಅಂದರು.

ಮನುಷ್ಯ ಸರಿಯಾಗಿಯೇ ಯೋಚಿಸಿದ್ದರು. ಅದೇ ನನ್ನ ಹೊಟ್ಟೆ ಉರಿಸುತ್ತದೆ, ಇವತ್ತಿಗೂ. ಹಾಗಂತ ನಾನೇನು ಸಾಚಾ ಅಲ್ಲ. ಅಡುಗೆಮನೆ ನನ್ನ ಕೈಯಲ್ಲೇ ಇತ್ತು, ಕದ್ದು ಇಡಬಹುದಿತ್ತು. ಬೈಸಿಕೊಳ್ಳುವ ಭಯಕ್ಕೆ ಅವರು ಹೇಳಿದ ದಿನ ಮಾತ್ರ ಇಟ್ಟೆ.

ಒಂದು ಮಧ್ಯಾಹ್ನ ಬೀದಿನಾಯಿಗಳು ತಾಯಿ ಮುಂಗುಸಿಯನ್ನು ಗೇಟಿನ ಮುಂದೆಯೇ ಹರಿದುಹಾಕಿದವು. ಓಡಲು ಸಮಯವಿತ್ತು. ಬೊಗಳಿದ್ದು ಕೇಳಿ ನಾನು ಬಾಗಿಲು ತೆಗೆದರೆ, ಅದು ಓಡುವುದು ಬಿಟ್ಟು ತಿರುಗಿ ನನ್ನ ಕೈ ನೋಡುತ್ತ ನಿಂತಿತು. ಮಾವನವರು ಮರುದಿನದ ಕಚೇರಿ ಕೆಲಸವನ್ನು ಮುಂದಿನ ವಾರಕ್ಕೆ ಹಾಕಿದರು, ಅಷ್ಟೆ.

ಮರುದಿನ ಎರಡೂ ಮರಿಗಳು ಅದೇ ಜಾಗಕ್ಕೆ, ಅದೇ ಉರಿಬಿಸಿಲಿಗೆ ಬಂದು ನಿಂತವು. ಅವಕ್ಕೆ ನಮ್ಮ ಭಯ ಹುಟ್ಟಿಸದೆ ಬೇರೆ ದಾರಿಯಿರಲಿಲ್ಲ. ಕಲ್ಲೆಸೆದೆ. ಒಂದು ಓಡಿಹೋಯಿತು. ಇನ್ನೊಂದು ಮರಿ, ಕಲ್ಲು ಉರುಳಿದಲ್ಲಿಗೇ ಹೋಗಿ ಮೂಸಿತು, ಮೊಟ್ಟೆಯೇನೋ ಎಂಬಂತೆ ಮುಂಗಾಲಿನಿಂದ ಹೊರಳಿಸಿತು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿತು. ಅಳುತ್ತಲೇ, ಈ ಸಲ ಅದರ ಮೈಗೇ ಗುರಿಯಿಟ್ಟು ಎಸೆದೆ.